ಹೆಸ್ರೇಳು ಮಾಮ

ಸುನಂದಾ ಟೀಚರ್‌ಗೆ ಮೂರನೇ ವರ್ಷದಲ್ಲಿ ಪೋಲಿಯೋ ಬಂದು ಎಡಗಾಲು ಸೊರಗಿಹೋಗಿತ್ತು. ನಡೆಯುವಾಗ ಎಡಗೈಯನ್ನು ಮಂಡಿಯ ಮೇಲೆ ಒತ್ತಿಕೊಂಡೇ ಹೆಜ್ಜೆ ಇಡಬೇಕು. ಹೊನ್ನವಳ್ಳಿಯಿಂದ ಮೂರು ಮೈಲಿ ಆಚೆಗಿನ ಸಣ್ಣ ಊರಿನಲ್ಲಿ ಹುಟ್ಟಿ, ಅಲ್ಲಿಯ ಶಾಲೆಯಲ್ಲೇ ಓದಿ, ಅದೇ ಶಾಲೆಗೆ ಟೀಚರಾಗಿ ಬಂದವಳಾದ್ದರಿಂದ ಅವಳ ನಡಿಗೆ ಊರಿನವರ ಕಣ್ಣಿಗೇ ಬೀಳದಷ್ಟು ರೂಢಿಯಾಗಿತ್ತು. ಮಕ್ಕಳು ಕೂಡ ಒಂದು ದಿನವೂ ಆಡಿಕೊಂಡಿರಲಿಲ್ಲ. ಟಿ.ವಿ.ಯಲ್ಲಿ ಕುಂಟವ್ವ ಬರುವವರೆಗೆ.

ಅವಳ ತಾಯಿ ಪುಟ್ಟಗೌರಮ್ಮನ ಬಾಯಲ್ಲಿ ಮಕ್ಕಳ ಪದಗಳು ಬೇಕಾದಷ್ಟಿದ್ದವು. ಅಟ್ಟದಿಂದ ಇಳಿಸಿದ ಒಣಕಾಯಿಯ ಚಿಪ್ಪು ಒಡೆದು ಕೊಬ್ಬರಿ ಗಿಟುಕು ಬಿಡಿಸಲು ಹೆಂಗಸರು ಕೂತರೆ ಕೂಸುಗಳೂ ಸುತ್ತ ಸೇರುತ್ತವೆ, ತೆವಳಿಕೊಂಡು ಕತ್ತಿಯ ಹತ್ತಿರಕ್ಕೇ ಬರುತ್ತವೆ. ಅವು ಇದ್ದಲ್ಲೇ ಇರಲಿ ಅಂತ ಪುಟ್ಟಗೌರಮ್ಮ ಕೈಕೆಲಸ ನಿಲ್ಲಿಸದೆ ಪದ ಹೇಳುತ್ತಿದ್ದಳು. ಕೆಲವು ಅವಳ ಅವ್ವನಿಂದ ಬಂದವು. ಹೆಚ್ಚಿನವು ಕೂತಲ್ಲೇ ಕಟ್ಟಿದವು.

‘ಅಟ್ಟದ ಮ್ಯಾಲೆ ಯಾರವ್ವಾ?
ನಾನೇ ಅಳಿಲು ಬಾಲವ್ವ.
ಬಾಯೊಳಗೇನೈತೆ ತೋರವ್ವಾ?
ನುಂಗೋಗಂಟ ತಾಳವ್ವಾ!’

ಕೊನೆಯ ಸಾಲಿಗೆ ಅವಳು ಕೆನ್ನೆ ಉಬ್ಬಿಸಿ ತೋರಿಸಿದರೆ ತೆವಳುವ ಕೂಸು ಕೂಡ ಕತ್ತಿ ಮರೆತು ಅವಳ ಮುಖ ನೋಡುತ್ತಾ ಕೂರುತ್ತಿತ್ತು.

ಈ ಪದಗಳಿಗೆ ಗೊಂಬೆ ಮಾಡಿದವಳು ಸುನಂದಾ. ಅರೆಚಿಪ್ಪನ್ನು ಉಜ್ಜಿ ನುಣುಪು ಮಾಡಿ ಬಣ್ಣ ಬಳಿದರೆ ಮುಖವಾಯಿತು; ಮಟ್ಟೆಯ ನಾರು ಕೂದಲು; ಕೆಳಗೆ ಕೈ ತೂರಿಸಲು ಹಳೆಯ ರವಿಕೆಬಟ್ಟೆಯ ಚೀಲ. ಒಂದನೇ ತರಗತಿಯ ಮಕ್ಕಳ ಮುಂದೆ ಅವಳ ಬಾಲವ್ವ ಬೆಂಚಿನ ಹಿಂದಿನಿಂದ ಇಣುಕಿ, ಕೊಬ್ಬರಿ ಚೂರನ್ನು ನಿಜವಾಗಿ ಬಾಯಲ್ಲಿ ಕಚ್ಚಿಕೊಂಡು ಓಡಿಹೋದಾಗ, ಶಾಲೆಗೆ ಬರಲೊಲ್ಲೆನೆಂದು ಅಳುತ್ತಿದ್ದ ಮಕ್ಕಳು ಮನೆಗೆ ಹೋಗಲೊಲ್ಲೆನೆಂದು ಅಳತೊಡಗಿದವು.

ತಾಲ್ಲೂಕಿನ ಮಕ್ಕಳ ಮೇಳವೊಂದರಲ್ಲಿ ಈ ಗೊಂಬೆಗಳನ್ನು ನೋಡಿದವನು ತಿಲಕ್. ತಿಪಟೂರಿನವನೇ, ಬೆಂಗಳೂರಿನಲ್ಲಿ ಮಕ್ಕಳ ಚಾನೆಲ್ಲೊಂದರಲ್ಲಿ ಕೆಲಸ ಮಾಡುತ್ತಿದ್ದ. ಮರುದಿನವೇ ಹಣ್ಣಿನ ಬುಟ್ಟಿ ಹಿಡಿದು ಮನೆಗೆ ಬಂದ. ಪುಟ್ಟಗೌರಮ್ಮನ ಕಾಲಿಗೆ ಬಿದ್ದ.

“ಅಮ್ಮ, ನಿಮ್ಮ ಪದಗಳನ್ನ ಇಡೀ ಕರ್ನಾಟಕದ ಮಕ್ಕಳು ಹೇಳ್ಬೇಕು. ಅದು ನನ್ನ ಜವಾಬ್ದಾರಿ,” ಅಂದ.

“ನಮ್ಮ ಪದ ಯಾರ್ ಕೇಳ್ತಾರೆ ಬುಡಪ್ಪ,” ಅಂದಳು ಪುಟ್ಟಗೌರಮ್ಮ. ಆದರೆ ಅವತ್ತು ಮಧ್ಯಾಹ್ನವೆಲ್ಲ ಅವನ ಫೋನಿನ ಮುಂದೆ ಕೂತು ನಲವತ್ತು ಪದ ಹೇಳಿದಳು. ನಡುವೆ ಎದ್ದು ಅವನಿಗೆ ಮುದ್ದೆ ಬಡಿಸಿದಳು.

‘ಚಿಪ್ಪಣ್ಣನ ಚಾವಡಿ’ ಎಂಬ ಗೊಂಬೆ ಕಾರ್ಯಕ್ರಮ ಶುರುವಾದದ್ದು ಹಾಗೆ. ಶನಿವಾರ ಶಾಲೆ ಬಿಟ್ಟ ಮೇಲೆ ಸುನಂದಾ ತಿಪಟೂರಿನಲ್ಲಿ ರೈಲು ಹತ್ತುವಳು, ಭಾನುವಾರ ಇಡೀ ದಿನ ಸ್ಟುಡಿಯೋದಲ್ಲಿ. ತಿಲಕ್ ಬಣ್ಣದ ಅಂಗಿ ತೊಟ್ಟು ಕ್ಯಾಮೆರಾ ಮುಂದೆ ‘ತಿಲಕ್ ಮಾಮ’ ಆಗಿ ಕೂರುವನು. ಅವನ ಮುಂದಿನ ಎತ್ತರದ ಮೇಜಿನ ಕೆಳಗೆ, ಗಿಡ್ಡ ಮಣೆಯ ಮೇಲೆ, ತೋಳೆತ್ತಿಕೊಂಡು ಸುನಂದಾ. ಮೇಲೆ ಏನಾಗುತ್ತಿದೆ ಎಂದು ನೋಡಲು ನೆಲದ ಮೇಲೊಂದು ಪುಟ್ಟ ಟಿ.ವಿ. ಇಟ್ಟಿದ್ದರು. ಅದರಲ್ಲಿ ತನ್ನ ಕೈ ಬಾಲವ್ವನಾಗಿ ಜಿಗಿಯುವುದನ್ನು, ಕಂಬ ಹತ್ತುವುದನ್ನು, ಮಾಮನ ತಲೆಯಿಂದ ಹೆಗಲಿಗೆ ಓಡುವುದನ್ನು ಅವಳು ನೋಡುತ್ತಿದ್ದಳು. ಬುದ್ಧಿ ಬಂದಾಗಿನಿಂದ ಅವಳು ಹಾಗೆ ಓಡಿರಲಿಲ್ಲ. ತೋಳು ಸೋತುಹೋದರೂ ಕೆಳಗಿಳಿಸಲು ಮನಸ್ಸು ಬರುತ್ತಿರಲಿಲ್ಲ. ಭೀಮರಾಜು ಎಂಬ ಹುಡುಗನಿಗೆ ಗೊಂಬೆ ಆಡಿಸುವುದನ್ನೂ ಅವಳೇ ಕಲಿಸಿದಳು.

ಎರಡು ವರ್ಷ ಹೀಗೆ ನಡೆಯಿತು. ನೊಣವಿನಕೆರೆಯ ಬಸ್ಸಿನಲ್ಲಿ, ಹಂದನಕೆರೆಯ ಮದುವೆಮನೆಯಲ್ಲಿ ಮಕ್ಕಳು ಬಾಲವ್ವನ ಪದ ಹೇಳುವುದನ್ನು ಕೇಳಿ ಪುಟ್ಟಗೌರಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಆಗ ಒಂದು ಪತ್ರಿಕೆಯಲ್ಲಿ ತಿಲಕ್‌ನ ಸಂದರ್ಶನ ಬಂತು. ‘ಪದಗಳೆಲ್ಲ ನನ್ನವೇ. ರಾತ್ರಿ ಮಲಗಿದಾಗ ತಾವಾಗೇ ಹೊಳೆಯುತ್ತವೆ’ ಎಂದು ಹೇಳಿದ್ದ.

ಮುಂದಿನ ಭಾನುವಾರ ಸುನಂದಾ ಪತ್ರಿಕೆ ಹಿಡಿದೇ ಹೋದಳು. “ಸಾರ್, ಕೊನೇಲಿ ಹೆಸರುಗಳು ಬರುತ್ತಲ್ಲ, ಅಲ್ಲಿ ಒಂದ್ ಸಾಲು ಹಾಕಿ. ‘ಪದಗಳು: ಪುಟ್ಟಗೌರಮ್ಮ’ ಅಂತ. ನಮ್ಮವ್ವ ಅಕ್ಷರ ಕೂಡಿಸ್ಕೊಂಡು ಅಷ್ಟು ಓದ್ತಾಳೆ.”

ತಿಲಕ್ ನಕ್ಕ. “ಅಜ್ಜಿ ಪದಕ್ಕೆಲ್ಲ ವಾರಸುದಾರರು ಇರ್ತಾರೇನ್ರೀ ಮೇಡಂ? ಅದು ಎಲ್ರಿಗೂ ಸೇರಿದ್ದು.”

“ಹಂಗಾದ್ರೆ ಎಲ್ರಿಗೂ ಸೇರಿದ್ದು ಅಂತಾನೇ ಬರೀರಿ. ನಿಮ್ದು ಅಂತ ಬರೆಸ್ಕೊಂಡಿದೀರಲ್ಲ.”

ಸುತ್ತ ನಿಂತಿದ್ದವರು ನಕ್ಕುಬಿಟ್ಟರು. ತಿಲಕ್‌ನ ಮುಖ ಬಿಳಿಚಿತು. ಕ್ಯಾಮೆರಾ ನಿಂತಿದೆಯೇ ಎಂದು ಒಮ್ಮೆ ತಿರುಗಿ ನೋಡಿ, ಆಮೇಲೆ ಬಾಯಿಗೆ ಬಂದಂತೆ ಬೈದ. ಆ ಬೈಗುಳಕ್ಕಿಂತ ಅವನು ಮೊದಲು ತಿರುಗಿ ನೋಡಿದ್ದು ಸುನಂದಾಳ ಮನಸ್ಸಿನಲ್ಲಿ ಉಳಿಯಿತು.

ಮರುವಾರ ಅವಳು ಸ್ಟುಡಿಯೋ ಬಾಗಿಲಿಗೆ ಹೋದರೆ ಕಾವಲಿನವನು, “ನಿಮ್ಮ ಹೆಸರು ಲಿಸ್ಟಲ್ಲಿ ಇಲ್ಲ ಮೇಡಂ,” ಅಂದ. ಗೊಂಬೆಗಳು ಒಳಗೇ ಉಳಿದವು.

ಎರಡು ತಿಂಗಳಾದ ಮೇಲೆ ಒಂದು ಸಂಜೆ ತಾಯಿ ಮಗಳು ಟಿ.ವಿ. ಮುಂದೆ ಕೂತಿದ್ದರು. ಚಾವಡಿಗೆ ಹೊಸ ಗೊಂಬೆಯೊಂದು ಬಂತು. ಮುದುಕಿ ಗೊಂಬೆ, ಹಳ್ಳಿಯವರು ಉಡುವಂತೆ ಸೀರೆ, ದೊಡ್ಡ ಮೂಗುತಿ, ಕೆಳಗೆ ಬಟ್ಟೆಯ ಎರಡು ಕಾಲು. ಪುಟ್ಟಗೌರಮ್ಮ ನೋಡಿದೊಡನೆ ನಕ್ಕಳು. ಗೊಂಬೆ ಎಡಗೈಯನ್ನು ಮಂಡಿಯ ಮೇಲೆ ಒತ್ತಿ, ಸೊಟ್ಟಗೆ ಕುಪ್ಪಳಿಸುತ್ತಾ ಮೇಜಿನ ಮೇಲೆ ಮಾಮನ ಮುಂದೆ ಬಂತು. ಕೀಚಲು ದನಿಯಲ್ಲಿ, “ನನ್ನೆಸ್ರಾಕಿ! ಸಾಮಿ, ನನ್ನೆಸ್ರಾಕಿ!” ಎಂದು ಗೋಗರೆಯಿತು. ಮಾಮ ಅದರ ತಲೆಗೆ ಮೊಟಕಿ, “ಹೋಗೇ ಕುಂಟವ್ವ,” ಎಂದ. ಮಕ್ಕಳು ಬಿದ್ದೂ ಬಿದ್ದೂ ನಗುವ ಸದ್ದು.

ಪುಟ್ಟಗೌರಮ್ಮನ ನಗು ನಿಂತಿತ್ತು. “ಇದು ನೀನಲ್ವೇನೇ ಮಗ?” ಅಂದಳು.

ಸುನಂದಾ ಟಿ.ವಿ. ಆರಿಸಿದಳು.

“ನಾನ್ ಪದ ಹೇಳಿದ್ದಕ್ಕೇ ಅಲ್ವಾ ಇಷ್ಟೆಲ್ಲ ಆಗಿದ್ದು. ಹೋಗ್ಲಿ ಬುಡು ಮಗ. ಕೆಟ್ಟೋರ್ ಸಾವಾಸ.”

ಅವತ್ತಿನಿಂದ ಪುಟ್ಟಗೌರಮ್ಮ ಪದ ಹೇಳುವುದನ್ನು ನಿಲ್ಲಿಸಿದಳು. ಜಗಲಿಗೆ ಬಂದು ಕಾಡುವ ಮಕ್ಕಳಿಗೆ, “ಮರ್ತೋಗೈತೆ ಕಣ್ರಪ್ಪ,” ಎನ್ನುವಳು. ಚಿಪ್ಪು ಒಡೆಯುವಲ್ಲಿ ಕೂತರೂ ಬಾಯಿ ಬಿಗಿದೇ ಇರುತ್ತಿತ್ತು. ಇತ್ತ ಸುನಂದಾ ಬಸ್ ಇಳಿದರೆ ಹಿಂದಿನಿಂದ ಯಾವುದೋ ಮಗುವಿನ ದನಿ: “ನನ್ನೆಸ್ರಾಕಿ!” ಶಾಲೆಯ ಅಂಗಳದಲ್ಲಿ ಮಕ್ಕಳು ಸಾಲಾಗಿ ಮಂಡಿಗೆ ಕೈಯೊತ್ತಿ ಕುಂಟುವ ಆಟ ಆಡುತ್ತಿದ್ದವು. ಅದು ಟೀಚರನ್ನೇ ಕುರಿತದ್ದೆಂಬುದು ಪಾಪ, ಅವಕ್ಕೆ ಗೊತ್ತಿರಲಿಲ್ಲ.

ಮುಂದಿನ ವರ್ಷ ಆಷಾಢದಲ್ಲಿ ಪುಟ್ಟಗೌರಮ್ಮ ತೀರಿಕೊಂಡಳು. ತಿಥಿಯ ದಿನ ತುರುವೇಕೆರೆ ಕಡೆಯ ನೆಂಟರ ಮಗುವೊಂದು, ಐದು ವರ್ಷದ್ದು, ಎಡೆ ಹಿಡಿದು ಹೋಗುತ್ತಿದ್ದ ಸುನಂದಾಳ ಹಿಂದೆಯೇ ಮಂಡಿಗೆ ಕೈಯೊತ್ತಿಕೊಂಡು ನಡೆದು ಬಂತು. ಅದರ ತಾಯಿ ಓಡಿಬಂದು ಬೆನ್ನಿಗೆ ಗುದ್ದಿದಳು. “ಹೊಡೀಬೇಡ್ರೀ, ಮಗೂದೇನು ತಪ್ಪು,” ಎಂದು ಸುನಂದಾ ಮಗುವನ್ನು ಬಿಡಿಸಿಕೊಂಡಳು. ಅದರ ಮೇಲೆ ಅವಳಿಗೆ ಒಂದಿಷ್ಟೂ ಕೋಪ ಬರಲಿಲ್ಲ. ಕೋಪವನ್ನೆಲ್ಲ ಅವಳು ಒಬ್ಬನಿಗೇ ಎತ್ತಿಟ್ಟಳು.

ಆಮೇಲೆ ಎರಡು ವರ್ಷ ಒಂದು ಕಂತನ್ನೂ ಬಿಡದೆ ಚಾವಡಿ ನೋಡಿದಳು. ಊರಿನವರು, ಟೀಚರ್‌ಗೆ ಹಳೇ ಅಭಿಮಾನ ಎಂದುಕೊಂಡರು. ಅವಳು ನೋಡುತ್ತಿದ್ದುದು ತಿಲಕ್‌ನ ಮುಖವನ್ನು. ಯಾರಾದರೂ ಅವನನ್ನು ಮೀರಿ ನಗಿಸಿದರೆ ಅವನ ಕಣ್ಣು ಸಣ್ಣದಾಗುತ್ತದೆ; ಗೊಂಬೆ ತುಸು ತಡವರಿಸಿದರೆ ದವಡೆ ಬಿಗಿಯುತ್ತದೆ; ಅಲ್ಲಿಗೆ ದೃಶ್ಯ ತುಂಡಾಗುತ್ತದೆ. ಆ ತುಂಡಾದ ಮೇಲಿನ ಮನುಷ್ಯನನ್ನು ಅವಳು ಬಲ್ಲಳು, ನಾಡಿನ ಮಕ್ಕಳು ಅರಿಯರು. ತುಂಡು ಮಾಡಲಾಗದ ಜಾಗದಲ್ಲಿ ಅವನು ಒಂದು ಸಲ ಸಿಕ್ಕಬೇಕು. ಅಷ್ಟೇ ಅವಳು ದೇವರಲ್ಲಿ ಬೇಡುತ್ತಿದ್ದುದು.

ದೇವರು ಕೇಳಿಸಿಕೊಂಡ. ಐನೂರನೇ ಕಂತನ್ನು ತಿಲಕ್‌ನ ಹುಟ್ಟೂರಾದ ತಿಪಟೂರಿನ ಕಲ್ಯಾಣಮಂಟಪವೊಂದರಿಂದ ನೇರಪ್ರಸಾರ ಮಾಡುವುದೆಂದು ಗೊತ್ತಾಯಿತು. ಸುನಂದಾಳ ಶಾಲೆಯ ಮೂವತ್ತು ಮಕ್ಕಳು ಪದ ಹೇಳಬೇಕು. ಕೊನೆಯಲ್ಲಿ ಒಂದು ವಿಶೇಷ: ಮಕ್ಕಳೇ ಒಂದು ಹೊಸ ಪದ ತರುತ್ತಾರೆ, ಗೊಂಬೆಗಳು ಅದನ್ನು ಅಲ್ಲೇ ಆಡಿ ತೋರಿಸುತ್ತವೆ. ಮಕ್ಕಳಿಗೆ ಪದ ಕಲಿಸಲು ಒಬ್ಬ ಟೀಚರ್ ಬೇಕೆಂದು ಹೆಡ್‌ಮಾಸ್ಟರ್ ಮಲ್ಲಿಕಾರ್ಜುನಯ್ಯನವರಿಗೆ ಫೋನ್ ಬಂತು. ಅವರು ಸುನಂದಾಳನ್ನು ಕರೆದು ಮೆಲ್ಲಗೆ, “ಬೇಡ ಅಂದ್ರೆ ಬೇರೆಯವ್ರಿಗೆ ಹೇಳ್ತೀನಿ ಕಣಮ್ಮ. ನಿನ್ನ ಸಂಕಟ ನಂಗೊತ್ತು,” ಅಂದರು.

“ನಾನೇ ಕಲಿಸ್ತೀನಿ ಸಾರ್. ಸಂಕಟ ಏನಿಲ್ಲ.”

ಅವಳು ಎರಡು ಪದ ಕಲಿಸಿದಳು. ಒಂದು ಎಳನೀರಿನ ಮೇಲೆ, ಚಾನೆಲ್ಲಿನವರಿಗೆ ತೋರಿಸಲು. ಇನ್ನೊಂದನ್ನು ಶಾಲೆಯ ಹಿಂದಿನ ತೆಂಗಿನ ತೋಟದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಕಲಿಸಿದಳು. “ಇದು ಮಾಮನಿಗೆ ಸರ್ಪ್ರೈಸ್. ಮನೇಲಿ ಅಪ್ಪ ಅಮ್ಮಂಗೂ ಹೇಳ್ಬಾರ್ದು. ಯಾರ್ ಬಾಯಿ ಬಿಡ್ತಾರೋ ಅವ್ರು ಟಿ.ವಿ.ಲಿ ಬರಲ್ಲ,” ಎಂದಳು. ಮೂವತ್ತು ಬಾಯಿಗೂ ಬೀಗ ಬಿತ್ತು.

ಮುಂದಾಳು ಲಿಖಿತಾ. ಕೊಬ್ಬರಿ ವ್ಯಾಪಾರದ ಯೋಗೀಶ್‌ನ ಮಗಳು, ಮೂರನೇ ತರಗತಿ, ಗಂಟೆಯಂಥ ದನಿ. ತಿಲಕ್ ಮಾಮ ಎಂದರೆ ಅವಳಿಗೆ ಪ್ರಾಣ. ಪೆನ್ಸಿಲ್ ಡಬ್ಬದ ಮೇಲೂ ಅವನದೇ ಚಿತ್ರ. ಹೊಸ ಪದವನ್ನು ಎರಡು ಸಲ ಹೇಳಿ ಮುಗಿಸಿದ ಮೇಲೆ ಅವಳು ಕೇಳಿದಳು, “ಟೀಚರ್, ಮಾಮ ಬೇಜಾರ್ ಮಾಡ್ಕೊಳ್ಳಲ್ವಾ?”

“ಇಲ್ಲ ಕಣೇ. ನಗ್ತಾರೆ.”

ಮಗುವಿನ ಮುಖ ನೋಡಿ ಹಾಗನ್ನಲು ಸುನಂದಾಳಿಗೆ ಆಗಲಿಲ್ಲ. ಆದರೂ ಮತ್ತೆ ಮೊದಲಿನಿಂದ ಹೇಳಿಸಿದಳು.

ಹಿಂದಿನ ದಿನದ ತಾಲೀಮಿಗೆ ತಿಲಕ್ ಬಂದ. ತುಸು ಹೊಟ್ಟೆ ಬಂದಿತ್ತು, ಕೂದಲಿಗೆ ಬಣ್ಣ. ಸುನಂದಾಳನ್ನು ಕಂಡು ಒಂದು ಕ್ಷಣ ತಡೆದವನು ಎರಡೂ ಕೈ ಜೋಡಿಸಿದ.

“ಹಳೇದೆಲ್ಲ ಮರ್ತುಬಿಡಿ ಮೇಡಂ. ಟಿ.ವಿ. ಅಂದ್ಮೇಲೆ ತಮಾಷೆ ಇರುತ್ತೆ. ನಿಮ್ಮ ತಾಯಿ ಹೇಗಿದಾರೆ?”

ಸುನಂದಾ ಅವನ ಮುಖವನ್ನೇ ನೋಡಿದಳು. ಅವನಿಗೆ ಗೊತ್ತೇ ಇರಲಿಲ್ಲ.

“ಚೆನ್ನಾಗಿದಾರೆ ಸಾರ್,” ಅಂದಳು. “ನಾಳೆ ಟಿ.ವಿ. ನೋಡ್ತಾರೆ.”

ಮರುದಿನ ಕಲ್ಯಾಣಮಂಟಪ ಕಿಕ್ಕಿರಿದಿತ್ತು. ಬಾಲವ್ವನ ಪದಕ್ಕೆ ಸಭೆಯೇ ದನಿಗೂಡಿಸಿತು. ಮೇಜಿನ ಕೆಳಗೆ ಭೀಮರಾಜು ಚೆನ್ನಾಗಿಯೇ ಆಡಿಸುತ್ತಿದ್ದ. ತಾನು ಕಲಿಸಿದ ಮಣಿಕಟ್ಟಿನ ತಿರುವನ್ನು ಸುನಂದಾ ವೇದಿಕೆಯ ಪಕ್ಕದ ಕಂಬಕ್ಕೊರಗಿ ನಿಂತು ಗುರುತಿಸಿದಳು. ಕೊನೆಗೆ ತಿಲಕ್ ಎದ್ದು, “ಈಗ ಮಕ್ಕಳು ಹೊಸ ಪದ ಹೇಳ್ತಾರೆ. ಯಾವ ಗೊಂಬೆ ಬೇಕು ಮಕ್ಕಳೇ?” ಎಂದ.

“ಕುಂಟವ್ವ!” ಮೂವತ್ತು ಮಕ್ಕಳೂ ಒಟ್ಟಿಗೆ ಕೂಗಿದವು.

ಕುಂಟವ್ವ ಎದ್ದಿತು. ಲಿಖಿತಾ ಮೈಕಿನ ಮುಂದೆ ಬಂದು ನಿಂತಳು. ಕೇಳುವ ಸಾಲನ್ನು ಮಕ್ಕಳೆಲ್ಲ, ಉತ್ತರದ ಸಾಲನ್ನು ಅವಳೊಬ್ಬಳೇ.

‘ಕುಂಟವ್ವ ಕುಂಟವ್ವ ಏನ್ ಹುಡುಕ್ತಿ?
ಕಳ್ದೋದ ಪದಗಳ ಗಂಟಣ್ಣ.
ಗಂಟನು ಕಟ್ಟಿದ್ದ್ಯಾರವ್ವ?
ಪುಟ್ಟಗೌರಮ್ಮ, ನಮ್ಮವ್ವ.’

ಕುಂಟವ್ವ ಮೇಜಿನ ಉದ್ದಕ್ಕೂ ಬಗ್ಗಿ ಬಗ್ಗಿ ಹುಡುಕಿತು. ಸಭೆ ನಕ್ಕಿತು. ಹೆಸರು ಕಿವಿಗೆ ಬಿದ್ದಾಗ ತಿಲಕ್‌ನ ನಗು ಒಂದು ಗಳಿಗೆ ತಡವರಿಸಿದ್ದು ಸುನಂದಾಳಿಗೆ ಮಾತ್ರ ಕಂಡಿತು.

‘ಅಟ್ಟದಲ್ಲೈತಾ? ಇಲ್ಲಣ್ಣ.
ಮಟ್ಟೆ ಸಂದೀಲಿ? ಇಲ್ಲಣ್ಣ.
ಕದ್ದೋನೆಲ್ಲಿ ಕುಂತವ್ನೆ?
ಬಣ್ಣದ ಅಂಗಿ ತೊಟ್ಟವ್ನೆ!’

ಭೀಮರಾಜುವಿಗೆ ಈ ಪದ ಯಾರದೆಂದು ಅಷ್ಟು ಹೊತ್ತಿಗೆ ಗೊತ್ತಾಗಿರಬೇಕು. ಅವನು ಗೊಂಬೆಯನ್ನು ಒಳಗೆಳೆದುಕೊಳ್ಳಬಹುದಿತ್ತು. ಎಳೆದುಕೊಳ್ಳಲಿಲ್ಲ. ಕುಂಟವ್ವ ನಿಂತಿತು, ಮೆಲ್ಲಗೆ ತಿರುಗಿತು, ಮಾಮನ ಬಣ್ಣದ ಅಂಗಿಯ ತೋಳು ಹಿಡಿದು ಜಗ್ಗಿತು. ಸಭೆಯಲ್ಲಿ ನಗೆ ಸಿಡಿಯಿತು.

ಮಕ್ಕಳಿಗೆ ಹುರುಪು ಬಂದಿತ್ತು. ಕಲಿಸಿದಂತೆಯೇ ಚಪ್ಪಾಳೆ ಹಾಕುತ್ತಾ ಶುರುಮಾಡಿದವು: “ಹೆಸ್ರೇಳು ಮಾಮ! ಹೆಸ್ರೇಳು ಮಾಮ! ಕಟ್ಟಿದೋರ್ ಹೆಸ್ರು ಹೇಳು ಮಾಮ!” ಹಿಂದೆ ಕೂತ ತಾಯಂದಿರೂ ಆಟವೆಂದುಕೊಂಡು ಚಪ್ಪಾಳೆಗೆ ಸೇರಿದರು. ಇಡೀ ಮಂಟಪವೇ ಹೆಸರು ಕೇಳತೊಡಗಿತು.

ಹೆಸರು ಹೇಳಿಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಒಂದೇ ಹೆಸರು. ಎಲ್ಲರೂ ಕೈತಟ್ಟಿ ಅವನನ್ನೇ ಹೊಗಳುತ್ತಿದ್ದರು. ಸುನಂದಾ ಆಮೇಲೆ ಎಷ್ಟೋ ಸಲ ಅದನ್ನು ಯೋಚಿಸಿದ್ದಾಳೆ. ತಿಲಕ್‌ನ ಮುಖ ಬಿಳಿಚಿತು. ಅವನು ಕ್ಯಾಮೆರಾದ ಕಡೆ ತಿರುಗಿ ನೋಡಿದ. ಅದರ ಕೆಂಪು ದೀಪ ಉರಿಯುತ್ತಲೇ ಇತ್ತು. ನಿಲ್ಲಿಸಿ ಎಂದು ಬೆರಳಾಡಿಸಿದ. ಇಷ್ಟು ಚೆನ್ನಾಗಿ ನಡೆಯುವುದನ್ನು ಯಾಕೆ ನಿಲ್ಲಿಸಬೇಕೆಂದು ಚಾನೆಲ್ಲಿನವರು ನಗುತ್ತಾ ಕೂತಿದ್ದರು.

ಆಗ ತಿಲಕ್ ಎರಡು ಹೆಜ್ಜೆ ಮುಂದೆ ಬಂದು ಲಿಖಿತಾಳ ರಟ್ಟೆ ಹಿಡಿದ. ತೋರಿಕೆಗೆ ಬಗ್ಗಿ ಮುದ್ದಿಸುವಂತಿತ್ತು. ಉಗುರು ಇಳಿದಾಗ ಮಗು “ಅಮ್ಮಾ” ಎಂದು ಚೀರಿತು. “ಮುಚ್ಚೇ ಬಾಯಿ! ಆ ಕುಂಟಿ ಹೇಳ್ಕೊಟ್ಳಾ? ಆ ಕುಂಟಿ ಲೌಡಿ?” ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದ. ಅವನ ಅಂಗಿಯ ಕಾಲರಿಗೆ ಸಿಕ್ಕಿಸಿದ್ದ ಪುಟ್ಟ ಮೈಕು ಅದನ್ನು ಮಂಟಪಕ್ಕೂ ನಾಡಿಗೂ ಕೇಳಿಸಿತು. ಚಪ್ಪಾಳೆ ನಿಂತಿತು. ಲಿಖಿತಾ ಅಳುವ ಸದ್ದೊಂದೇ ಕೇಳುತ್ತಿತ್ತು. ನಾಲ್ಕೈದು ಸೆಕೆಂಡಿನ ಮೇಲೆ ಜಾಹೀರಾತು ಬಂತು.

ಸುನಂದಾ ಕಂಬ ಬಿಟ್ಟು ಕದಲಲಿಲ್ಲ. ಮೊದಲು ಮಗುವಿನ ಹತ್ತಿರ ಓಡಬೇಕಾಗಿತ್ತು. ಅವಳು ನೋಡುತ್ತಿದ್ದುದು ಅವನನ್ನು. ಕಾಲರಿನ ಮೈಕನ್ನು ಮುಟ್ಟಿ ನೋಡಿಕೊಂಡು, ಕೇಳಿಸಿತೇ ಎಂದು ಅವರಿವರ ಮುಖ ನೋಡುತ್ತಿದ್ದವನನ್ನು. ಅವ್ವಾ, ನೋಡು, ಎಂದುಕೊಂಡಳು. ಯೋಗೀಶ್ ವೇದಿಕೆಗೆ ನುಗ್ಗಿ ಮಗಳನ್ನು ಎತ್ತಿಕೊಂಡು ಹೋದದ್ದು ಅವಳಿಗೆ ಆಮೇಲೆ ತಿಳಿಯಿತು.

ಮರುದಿನದ ಹೊತ್ತಿಗೆ ಆ ತುಣುಕು ಎಲ್ಲರ ಫೋನಿನಲ್ಲಿತ್ತು. ಟೀ ಅಂಗಡಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಹತ್ತು ಜನ ಸೇರಿದಲ್ಲಿ ಅದೇ ಮಾತು. ಮಗುವಿಗೆ ಕೈ ಮಾಡಿದ್ದಕ್ಕೆ, ಅಂಗವಿಕಲರನ್ನು ಹೀಯಾಳಿಸಿದ್ದಕ್ಕೆ ದೂರುಗಳು ಹೋದವು. ಪುಟ್ಟಗೌರಮ್ಮ ಯಾರು ಎಂದು ಹುಡುಕಿಕೊಂಡು ಪತ್ರಿಕೆಯವರು ಬಂದರು. ವಾರದೊಳಗೆ ಚಾನೆಲ್ಲು ತಿಲಕ್‌ನನ್ನು ಕೆಲಸದಿಂದ ತೆಗೆದು ಚಾವಡಿಯನ್ನು ನಿಲ್ಲಿಸಿತು. ಸುನಂದಾ ಬಾಗಿಲು ಹಾಕಿಕೊಂಡು ಆ ತುಣುಕನ್ನು ಮತ್ತೆ ಮತ್ತೆ ನೋಡಿದಳು. ಎಷ್ಟೋ ವರ್ಷದ ಮೇಲೆ ಊಟ ರುಚಿಸಿತು. ಹಬ್ಬವಲ್ಲದ ದಿನ ಒಬ್ಬಳಿಗೇ ಒಬ್ಬಟ್ಟು ಮಾಡಿಕೊಂಡಳು.

ಕಾರ್ಯಕ್ರಮವಾದ ಮೂರನೇ ದಿನ ಯೋಗೀಶ್ ಬಂದ. ಕೂರಲಿಲ್ಲ.

“ಮಗೂಗೆ ಜ್ವರ ಇಳೀತಿಲ್ಲ ಟೀಚರ್. ರಟ್ಟೆ ಬಾತೈತೆ. ಅದಕ್ಕಿಂತ, ಮಾಮ ಯಾಕ್ ಹಂಗ್ ಮಾಡಿದ್ರು, ನಾನೇನ್ ತಪ್ಪು ಮಾಡಿದೆ ಅಂತ ಒಂದೇ ಸಮ ಕೇಳ್ತಾವ್ಳೆ.”

“ಅವ್ನು ಅಂಥ ಮನುಷ್ಯ ಯೋಗೀಶ್.”

“ಅದು ನಿಮ್ಗೆ ಮೊದ್ಲೇ ಗೊತ್ತಿತ್ತಲ್ಲ. ನನಗೊಂದ್ ಮಾತು ಹೇಳಿದ್ರೆ ನಾನೇ ಹೋಗಿ ಅವ್ನ ಕೊರಳ್‌ಪಟ್ಟಿ ಹಿಡೀತಿದ್ದೆ. ಊರೇ ಬತ್ತಿತ್ತು ನಿಮ್ಮ ಹಿಂದೆ. ಮಗೂನ ಯಾಕ್ ಮುಂದೆ ಬಿಟ್ರಿ?”

ಯೋಗೀಶ್ ಉತ್ತರಕ್ಕೆ ಕಾಯದೆ ಬೈಕ್ ಹತ್ತಿ ಹೋದ.

ಆ ಭಾನುವಾರವೇ ತಿಲಕ್ ಬಂದ. ಗಡ್ಡ ಬಿಟ್ಟಿದ್ದ, ಕೈಯಲ್ಲೊಂದು ಕಾಗದ. ಜಗಲಿಯ ಮೇಲೆ ಕೂತಿದ್ದ ಸುನಂದಾ ಏಳಲಿಲ್ಲ, ಅವನನ್ನೂ ಕೂರೆನ್ನಲಿಲ್ಲ.

“ಮೇಡಂ, ಇದೊಂದಕ್ಕೆ ಸೈನ್ ಹಾಕಿ. ಇಬ್ರೂ ಮಾತಾಡ್ಕೊಂಡು ಮಾಡಿದ ನಾಟಕ ಅದು, ಮಗೂಗೂ ಮೊದ್ಲೇ ಹೇಳಿತ್ತು ಅಂತ. ನೀವು ಹೇಳಿದ್ರೆ ಜನ ನಂಬ್ತಾರೆ. ಆಮೇಲೆ ಹಳೇ ಕಂತು ಎಲ್ಲಾದ್ರಲ್ಲೂ ನಿಮ್ಮ ತಾಯಿ ಹೆಸ್ರು ಹಾಕಿಸ್ತೀನಿ. ದೊಡ್ಡ ಅಕ್ಷರದಲ್ಲಿ. ನಿಮ್ಗೆ ಬೇಕಾಗಿದ್ದು ಅದೇ ಅಲ್ವಾ?”

“ಅವತ್ತು ಬೇಕಾಗಿತ್ತು. ಅಕ್ಷರ ಕೂಡಿಸ್ಕೊಂಡು ಓದೋಳು ಅವತ್ತು ಇದ್ಳು.”

ತಿಲಕ್‌ಗೆ ಅರ್ಥವಾಗಲು ಹೊತ್ತು ಹಿಡಿಯಿತು. ಒಳಗೆ ಗೋಡೆಯ ಮೇಲೆ ಹಾರ ಹಾಕಿದ್ದ ಪಟ ಅವನ ಕಣ್ಣಿಗೆ ಬಿತ್ತು. “ಮತ್ತೆ ಚೆನ್ನಾಗಿದಾರೆ ಅಂದ್ರಲ್ಲ,” ಎಂದು ತೊದಲಿದ.

“ಚೆನ್ನಾಗಿದಾಳೆ. ನಿನ್ನ ಮುಖ ನೋಡೋ ಕಷ್ಟ ಇಲ್ವಲ್ಲ ಅವ್ಳಿಗೆ.” ಬಹುವಚನ ತಾನಾಗಿಯೇ ಬಿದ್ದುಹೋಗಿತ್ತು. “ನಲವತ್ತು ಪದ ಹೇಳಿ, ಮುದ್ದೆ ಹಾಕಿ ಕಳಿಸಿದ್ಳು ನಿಂಗೆ. ಸಾಯೋಗಂಟ ಮತ್ತೊಂದ್ ಪದ ಬಾಯಿಗ್ ಬರ್ಲಿಲ್ಲ.”

“ತಪ್ಪಾಯ್ತು ಮೇಡಂ. ಕಾಲಿಗ್ ಬೀಳ್ತೀನಿ.”

“ಈ ಕಾಲಿಗಾ?” ಅಂದಳು ಸುನಂದಾ. ಎಡಗಾಲನ್ನು ಕೈಯಿಂದ ಎತ್ತಿ ಮುಂದಿಟ್ಟಳು.

ಅವನು ಬಗ್ಗಿದ. ಅವಳು ತಡೆಯಲಿಲ್ಲ. ಬೀಳಲಿ ಎಂದು ಕಾದಳು. ಬಿದ್ದ ಮೇಲೂ ಏಳು ಎನ್ನಲಿಲ್ಲ. ಎದುರು ಮನೆಯವರು ಬಾಗಿಲಿಗೆ ಬಂದು ನೋಡುವಷ್ಟು ಹೊತ್ತು ಬಿಟ್ಟಳು. ಆಮೇಲೆ, “ಎರಡನೇ ಬೀದೀಲಿ ಯೋಗೀಶ್ ಮನೆ. ಕಾಲು ಹಿಡಿಯೋದಿದ್ರೆ ಆ ಮಗೂದ್ ಹಿಡಿ. ಕಾಗದ ಮಡಚ್ಕೊಂಡು ಹೋಗು,” ಅಂದಳು.

ತಿಲಕ್ ಎದ್ದು ಮಂಡಿಯ ಧೂಳು ಕೊಡವಿಕೊಂಡ. ಕಾರು ಹತ್ತಿದ. ಕಾರು ಎರಡನೇ ಬೀದಿಗೆ ತಿರುಗಲಿಲ್ಲ. ನೇರ ತಿಪಟೂರಿನ ರಸ್ತೆ ಹಿಡಿಯಿತು. ಅದು ಮರೆಯಾಗುವವರೆಗೆ ನೋಡಿದ ಸುನಂದಾ ತೃಪ್ತಿಯಿಂದ ಗೋಡೆಗೊರಗಿದಳು. ಸ್ವಲ್ಪ ಹೊತ್ತಿಗೆ ಮತ್ತೆ ನೆಟ್ಟಗೆ ಕೂತಳು. ಆ ಬೀದಿಗೆ ಅವಳೂ ಹೋಗಿರಲಿಲ್ಲ.

ಬರಿಗೈಯಲ್ಲಿ ಹೋದಳು. ಲಿಖಿತಾ ಅಂಗಳದಲ್ಲಿ ಒಣಗಲು ಹಾಕಿದ್ದ ಕಾಯಿಹೋಳಿನ ಪಕ್ಕ ಕೂತು ಕಾಗೆ ಓಡಿಸುತ್ತಿದ್ದಳು. ಜ್ವರ ಬಿಟ್ಟಿತ್ತು. ರಟ್ಟೆಯ ಮೇಲೆ ಉಗುರಿನ ಗುರುತು ಹಸುರುಗಟ್ಟಿತ್ತು. ಟೀಚರನ್ನು ನೋಡಿ ಎದ್ದು ನಿಂತಳು, ಹತ್ತಿರ ಬರಲಿಲ್ಲ.

“ಲಿಖಿತಾ, ನಾನ್ ನಿಂಗೆ ಸುಳ್ಳು ಹೇಳ್ದೆ. ಮಾಮ ನಗಲ್ಲ ಅಂತ ನಂಗೊತ್ತಿತ್ತು.”

“ಮತ್ಯಾಕ್ ಹೇಳ್ಸಿದ್ರಿ?”

“ಅವ್ನ ಮಾನ ಕಳೀಬೇಕಿತ್ತು. ನಮ್ಮವ್ವಂಗೆ ಅನ್ಯಾಯ ಮಾಡಿದ್ದ. ಅವ್ನು ಕೂಗಾಡ್ತಾನೆ ಅಂತ ಗೊತ್ತಿತ್ತು, ನಿನ್ ಮೇಲೆ ಕೈ ಹಾಕ್ತಾನೆ ಅಂತ ಗೊತ್ತಿರ್ಲಿಲ್ಲ. ತಪ್ಪಾಯ್ತು ಕಣೇ.”

ಲಿಖಿತಾ ನೆಲದ ಮೇಲೆ ಹೆಬ್ಬೆರಳಿನಿಂದ ಗೀರಿದಳು.

“ಟಿ.ವಿ.ಲಿ ಬಾಲವ್ವ ಇನ್ನು ಬರಲ್ವಾ?”

“ಇಲ್ಲ.”

“ಈಗ ನೀವು, ಬೇರೆ ಬಾಲವ್ವ ಮಾಡ್ಕೊಡ್ತೀನಿ ಅಂತೀರಾ?”

ಸುನಂದಾ ಅದನ್ನೇ ಹೇಳಲು ಬಾಯಿ ತೆರೆದಿದ್ದಳು. ಮುಚ್ಚಿಕೊಂಡಳು.

“ನಂಗ್ ಬೇಡ,” ಅಂದಿತು ಮಗು. “ಇನ್ನೊಂದ್ ಸಲ ಯಾರ್ನಾದ್ರೂ ಬೈಯೋದಿದ್ರೆ ನೀವೇ ಬೈಯಿರಿ ಟೀಚರ್.”

“ಆಗ್ಲಿ.”

ಕಾಗೆಯೊಂದು ಕಾಯಿಯ ಮೇಲೆ ಇಳಿಯಿತು. ಲಿಖಿತಾ ಕೋಲೆತ್ತಿಕೊಂಡು ಅತ್ತ ಓಡಿದಳು, ತಿರುಗಿ ಬರಲಿಲ್ಲ.

ಸುನಂದಾ ಮಂಡಿಗೆ ಕೈಯೊತ್ತಿಕೊಂಡು ಮನೆಗೆ ನಡೆದಳು. ತಿಲಕ್ ಮತ್ತೆ ಬಂದರೆ ಮತ್ತೆ ಹಾಗೇ ಕಾಲಿಗೆ ಬೀಳಿಸಿಕೊಳ್ಳುತ್ತಾಳೆ, ಅದರಲ್ಲಿ ಅವಳಿಗೆ ಸಂಶಯವಿರಲಿಲ್ಲ. ಜಗಲಿಯಲ್ಲಿ ಕೂತು ಫೋನ್ ತೆಗೆದಳು. ಆ ತುಣುಕನ್ನು ಅಳಿಸಲಿಲ್ಲ. ಅವನ ಮುಖ ಬಿಳಿಚುವವರೆಗೆ ನೋಡಿದಳು. ಅವನು ಮಗುವಿನ ಕಡೆ ಹೆಜ್ಜೆ ಎತ್ತಿದಾಗ ನಿಲ್ಲಿಸಿಬಿಟ್ಟಳು.